ಗುರೆಳ್ಳ ಹಿಂಡಿ

ನನ್ನ ಗಂಡನ ಮಲ ಹನ್ನೊಂದು ದಿನ ಕಪ್ಪಗಿತ್ತು. ಹನ್ನೆರಡನೆಯ ದಿನ ನನ್ನ ಬಲಗೈ ಮುರಿಯಿತು. ಇಷ್ಟು ಹೇಳಿ ನಿಲ್ಲಿಸಿದರೆ ಕೇಳಿದವರು ನಗುತ್ತಾರೆ. ಬೇಕಾದರೆ ನೀವೂ ನಕ್ಕು ಮುಗಿಸಿ. ಈ ವಿಷಯ ಬಂದರೆ ನಮ್ಮ ಜನಕ್ಕೆ ಮೂಗು ಮುಚ್ಚಿಕೊಂಡು ನಗುವುದು ಗೊತ್ತು, ಬಾಯಿ ಬಿಟ್ಟು ಹೇಳುವುದು ಗೊತ್ತಿಲ್ಲ. ಗೊತ್ತಿದ್ದಿದ್ದರೆ ನನ್ನ ಕೈ ಇವತ್ತು ನೆಟ್ಟಗಿರುತ್ತಿತ್ತು.

೧೯೮೬ರ ಮಾತು. ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಒಂದು ವಠಾರದಲ್ಲಿ ನಾವಿದ್ದೆವು. ಆರು ಮನೆ, ಒಂದು ನಲ್ಲಿ, ಒಂದು ಸಂಡಾಸ. ನನ್ನ ಗಂಡ ಶಿವಾನಂದ ನಾಚಾರಂನ ಒಂದು ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದ. ಗಂಡನನ್ನು ಏಕವಚನದಲ್ಲಿ ಕರೆಯುತ್ತೀಯಾ ಎಂದು ಹುಬ್ಬೇರಿಸಬೇಡಿ. ಆಗ ಬಹುವಚನದಲ್ಲೇ ಕರೆಯುತ್ತಿದ್ದೆ, ಅದರಿಂದ ಏನೂ ಉಪಯೋಗವಾಗಲಿಲ್ಲ. ಅತ್ತೆ ಜಯಮ್ಮ ನಮ್ಮ ಜೊತೆಗೇ ಇದ್ದರು. ಮಗಳು ಪ್ರೇಮಾಗೆ ನಾಲ್ಕು ವರ್ಷ. ಗಂಡನ ಅಣ್ಣ ಬಸವರಾಜ ಸರಕಾರಿ ಗುಮಾಸ್ತ, ಮಲಕಪೇಟೆಯ ಕ್ವಾರ್ಟರ್ಸಿನಲ್ಲಿ ಸಂಸಾರ. ಅವನು ನಮ್ಮ ಮನೆಗೆ ಬಂದರೆ ಕಚೇರಿಯೇ ಎದ್ದು ಬಂದಂತೆ. ಕುರ್ಚಿ ಹಾಕಬೇಕು, ಚಹಾ ಕೊಡಬೇಕು, ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕು.

ಆ ಬೇಸಿಗೆಯಲ್ಲಿ ತಮ್ಮನ ಮದುವೆಗೆಂದು ತವರಿಗೆ, ಸೇಡಂಗೆ, ಹೋಗಿದ್ದೆ. ಬರುವಾಗ ಅವ್ವ ಒಂದು ಡಬ್ಬಿ ಗುರೆಳ್ಳ ಹಿಂಡಿ ಕಟ್ಟಿಕೊಟ್ಟಳು. ಗುರೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಪುಡಿ, ಇದ್ದಿಲಿನಷ್ಟು ಕಪ್ಪು. ಬಿಸಿ ಜೋಳದ ರೊಟ್ಟಿ, ಒಂದು ಚಮಚ ಕುಸುಬಿ ಎಣ್ಣೆ, ಪಕ್ಕದಲ್ಲಿ ಈ ಹಿಂಡಿ ಇದ್ದರೆ ನನಗೆ ಬೇರೇನೂ ಬೇಡ. ಮನೆಯಲ್ಲಿ ಅದನ್ನು ತಿನ್ನುತ್ತಿದ್ದವರು ನಾನು ಮತ್ತು ಶಿವಾನಂದ ಇಬ್ಬರೇ. ಅತ್ತೆಗೆ ಹಲ್ಲಿರಲಿಲ್ಲ, ಮಗಳಿಗೆ ಖಾರ ಆಗುತ್ತಿರಲಿಲ್ಲ.

ನಾನು ಬಂದು ವಾರವಾಗಿರಲಿಲ್ಲ, ಶಿವಾನಂದ ಸಂಡಾಸಕ್ಕೆ ಹೋದರೆ ಅರ್ಧ ಗಂಟೆಯಾದರೂ ಹೊರಬರದಂತಾದ. ಹೊರಗೆ ತಂಬಿಗೆ ಹಿಡಿದವರ ಸಾಲು. "ಕ್ಯಾ ಶಿವಾನಂದ ಸಾಬ್, ಅಂದರ್‌ಚ್ ಸೋ ಗಯೇ ಕ್ಯಾ?" ಒಳಗೇ ನಿದ್ದೆ ಹೋದಿರಾ ಎಂದು ಬಾಗಿಲು ಬಡಿಯುವವರು ಬಡಿಯುತ್ತಿದ್ದರು. ಅವನು ಬೆವರು ಒರೆಸಿಕೊಳ್ಳುತ್ತ ಬಂದು ಯಾರ ಮುಖವನ್ನೂ ನೋಡದೆ ಬಸ್ಸಿಗೆ ಓಡುತ್ತಿದ್ದ.

ನಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು. ಅರ್ಧ ಬಕೆಟ್ಟಿನಲ್ಲಿ ಎಲ್ಲ ತೊಳೆದು ಹೋಗುವುದಿಲ್ಲ. ಒಂದು ದಿನ ಮಗನ ಹಿಂದೆಯೇ ಒಳಗೆ ಹೋದ ಅತ್ತೆ, ಹೋದ ಕೆಲಸ ಮರೆತು, ಖಾಲಿ ಮಾಡದ ತಂಬಿಗೆ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

"ನಲಿನಿ, ಏನ್ ಹಾಕೀಯ ನನ್ನ ಮಗನ ಹೊಟ್ಟಿಗೆ?"

"ಏನ್ ಹಾಕ್ತೀನ್ರಿ ಅತ್ತಿ? ರೊಟ್ಟಿ, ಬ್ಯಾಳಿ, ಪಲ್ಯ."

"ಕರ್ರಗ ಹೊಂಟೈತಿ ಅವಂಗ. ಡಾಂಬರಿನಂಗ. ನನ್ನ ಕಣ್ಣಾರೆ ನೋಡಿ ಬಂದೀನಿ."

ಅವರ ಕಣ್ಣು ಮೆಲ್ಲಗೆ ಅಡುಗೆಮನೆಯ ಗೂಡಿನ ಮೇಲೆ ಹರಿದು ಅವ್ವ ಕೊಟ್ಟ ಡಬ್ಬಿಯ ಮೇಲೆ ನಿಂತಿತು. ಆ ಮನೆಯಲ್ಲಿ ಅದಕ್ಕಿಂತ ಕಪ್ಪಾದದ್ದು ಬೇರೇನೂ ಇರಲಿಲ್ಲ.

ಮದ್ದು ಹಾಕುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡನನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಹೆಂಡತಿ ಅವನ ಊಟದಲ್ಲಿ ಏನೋ ಬೆರೆಸುತ್ತಾಳೆ, ಅದು ಹೊಟ್ಟೆಯೊಳಗೆ ಗಂಟಾಗಿ ಅಂಟಿಕೊಳ್ಳುತ್ತದೆ, ಗಂಡ ದಿನೇದಿನೇ ಒಣಗಿ ಸಾಯುತ್ತಾನೆ. ಗುಲ್ಬರ್ಗಾ ಕಡೆಯಿಂದ ರೈಲು ಹತ್ತಿ ಹೈದರಾಬಾದಿಗೆ ಬಂದವರ ಟ್ರಂಕಿನಲ್ಲಿ ಪಾತ್ರೆ ಬಟ್ಟೆಯ ಜೊತೆ ಈ ಭಯವೂ ಬಂದಿರುತ್ತಿತ್ತು. ತವರಿನಿಂದ ಬಂದ ಕಪ್ಪು ಪುಡಿ, ಮಗನ ಕಪ್ಪು ಮಲ. ಅತ್ತೆಗೆ ಇನ್ನೊಂದು ಸಾಕ್ಷಿ ಬೇಕಿರಲಿಲ್ಲ.

"ನಾನೂ ಅದನ್ನ ತಿಂತೀನಲ್ರಿ ಅತ್ತಿ, ನನಗೇನೂ ಆಗಿಲ್ಲಲ್ಲ?" ಅಂದೆ.

"ಅದಕ್ಕ ಹೇಳೋದು. ಹಾಕಿದಾಕಿಗೆ ಹೆಂಗ ಆಗ್ತೈತಿ?" ಅಂದರು.

ರಾತ್ರಿಯ ಊಟಕ್ಕೆ ಕುಳಿತ ಗಂಡನನ್ನೇ ಕೇಳಿದೆ. "ನೀವಾದ್ರೂ ಹೇಳ್ರಿ. ನಾ ಅಂಥಾಕಿ ಏನು?" ಅವನು ತಟ್ಟೆಯಲ್ಲಿದ್ದ ಹಿಂಡಿಯನ್ನು ಒಂದು ಬೆರಳಿನಿಂದ ಅಂಚಿಗೆ ಸರಿಸಿ, ಬರೀ ಬೇಳೆಯಲ್ಲಿ ರೊಟ್ಟಿ ಅದ್ದಿಕೊಂಡ. ಅವನ ತಾಯಿ ಅದನ್ನು ನೋಡಿದರು. ಆ ಒಂದು ಬೆರಳೇ ನನ್ನ ಸಂಸಾರ ಮುರಿಯಲು ಸಾಕಾಯಿತು.

ಮಾರನೆಯ ದಿನದಿಂದ ಅತ್ತೆ ಬೇರೆ ಸ್ಟೌವ್ ಹಚ್ಚಿ ಮಗನಿಗೂ ಮೊಮ್ಮಗಳಿಗೂ ಅನ್ನ ಮಾಡತೊಡಗಿದರು. ನಾನು ಪ್ರೇಮಾಳ ಬಾಯಿಗೆ ತುತ್ತು ಹಿಡಿದರೆ ಕೈಗೆ ಹೊಡೆದು ಬೀಳಿಸಿದರು. "ಅವ್ವನ ಕೈಯಾಗಿಂದು ತಿನಬ್ಯಾಡ, ಕೂಸ. ಹೊಟ್ಟಿ ಕರ್ರಗ ಆಗ್ತೈತಿ" ಎಂದು ನನ್ನೆದುರೇ ಹೇಳಿಕೊಟ್ಟರು. ಮಗು ನನ್ನ ಮುಖ ನೋಡಿತು, ಅಜ್ಜಿಯ ಮುಖ ನೋಡಿತು, ಅಜ್ಜಿಯ ತೊಡೆಗೆ ಹೋಗಿ ಕುಳಿತಿತು. ಏನಾದರೂ ಎತ್ತಿ ಅತ್ತೆಯ ತಲೆಗೆ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ಅದಕ್ಕೆ ಇವತ್ತಿಗೂ ಸ್ವಲ್ಪ ಬೇಜಾರಿದೆ.

ಬಸವರಾಜ ಬಂದ. ಕುರ್ಚಿ ಹಾಕಿದೆ. ಡಬ್ಬಿ ತರಿಸಿ ಮೂಸಿ ನೋಡಿ, ಫೈಲು ಮುಚ್ಚುವಂತೆ ಮುಚ್ಚಳ ಮುಚ್ಚಿದ. ಶಂಶಾಬಾದ್ ಆಚೆ ಮದ್ದು ತೆಗೆಯುವವನೊಬ್ಬ ಇದ್ದಾನೆ, ಭಾನುವಾರ ಎಲ್ಲರೂ ಹೋಗೋಣ, ಹಾಕಿದವಳೂ ಎದುರಿಗಿರಬೇಕಂತೆ ಎಂದ. ನಾನು ಶಿವಾನಂದನತ್ತ ತಿರುಗಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ, ಏನೋ ಹೇಳುವವನಂತೆ ತುಟಿ ಬಿಚ್ಚಿದ. ಆಮೇಲೆ ನೆಲ ನೋಡುತ್ತ "ಆಗಲಿ ಅಣ್ಣ" ಅಂದ.

ಆಗ ಶಂಶಾಬಾದಿನಲ್ಲಿ ವಿಮಾನವೂ ಇರಲಿಲ್ಲ, ದೊಡ್ಡ ರಸ್ತೆಯೂ ಇರಲಿಲ್ಲ. ಬಂಡೆ, ಸೀತಾಫಲದ ಗಿಡ, ಕುರಿ, ಅಷ್ಟೆ. ಮದ್ದು ತೆಗೆಯುವವನು ಜಾಪಾಳದ ಬೀಜ ಅರೆದು ಬೆಲ್ಲದಲ್ಲಿ ಉಂಡೆ ಕಟ್ಟಿ ಬೆಳಿಗ್ಗೆ ಎಂಟಕ್ಕೆ ಶಿವಾನಂದನಿಗೆ ನುಂಗಿಸಿದ. ಜಾಪಾಳವೆಂದರೆ ಎತ್ತನ್ನೂ ಮಲಗಿಸುವ ಭೇದಿಯ ಬೀಜ. ಒಂಬತ್ತಕ್ಕೆ ಅವನು ಬಂಡೆಯ ಹಿಂದೆ ಓಡಿದ. ಹತ್ತರ ಹೊತ್ತಿಗೆ ಓಡುವುದು ನಿಂತು ನಡಿಗೆಯಾಯಿತು. ಮಧ್ಯಾಹ್ನಕ್ಕೆ ಮೊಣಕಾಲಿನ ಮೇಲೆ ತೆವಳುತ್ತಿದ್ದ. ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿದ್ದ, ಕಿರುಚಲು ಶಕ್ತಿಯಿಲ್ಲದಾಗ ಮುಲುಕುತ್ತಿದ್ದ. ನಾನು ನೀರು ಒಯ್ದೆ. ಬಸವರಾಜ ತಂಬಿಗೆಯನ್ನು ಒದ್ದ.

ಮದ್ದು ತೆಗೆಯುವವನು ಒಂದು ಕಡ್ಡಿ ಹಿಡಿದು ಬಂಡೆಯ ಹಿಂದೆ ಹೋಗಿ ಕೆದಕಿ, ಔಡಲ ಎಲೆಯ ಮೇಲೆ ಕರಿಯ ಗಟ್ಟಿ ಉಂಡೆಯೊಂದನ್ನು ತಂದು ತೋರಿಸಿ, "ವಚ್ಚಿಂದಿ" ಅಂದ. ಬಂತು ನೋಡಿ, ಹೊರಗೆ ಬಂತು. ದಿನಗಟ್ಟಲೆ ಒಳಗೇ ಕುಳಿತು ಒಣಗಿದ ಮಲ ಅದು, ಕಣ್ಣಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು. ಅತ್ತೆ ಎದೆ ಬಡಿದುಕೊಂಡು ಅತ್ತರು. ಅಳುತ್ತಲೇ ಕಾಲಿನ ಚಪ್ಪಲಿ ತೆಗೆದು ನನ್ನ ಕೆನ್ನೆಗೆ, ಕಿವಿಗೆ, ಬಾಯಿಗೆ ಹೊಡೆದರು. ಮುದುಕಿಯ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಅವತ್ತೇ ತಿಳಿದದ್ದು.

ಸಂಜೆ ಐದಕ್ಕೆ ಮನೆಗೆ ಬಂದೆವು. ಶಿವಾನಂದನನ್ನು ಮಂಚದ ಮೇಲೆ ಹಾಕಿದರು. ಬಸವರಾಜ ಬಾಗಿಲ ಚಿಲಕ ಹಾಕಿ, ಗೂಡಿನ ಮೇಲಿದ್ದ ಡಬ್ಬಿ ತೆಗೆದುಕೊಂಡು ನನ್ನ ಜುಟ್ಟು ಹಿಡಿದ.

"ನನ್ನ ತಮ್ಮಗ ತಿನಿಸಿದ್ದನ್ನ ನೀನೂ ಪೂರಾ ತಿನ್ನ!"

ಹಿಡಿ ಹಿಡಿ ಪುಡಿಯನ್ನು ಬಾಯಿಗೆ ತುರುಕಿದ. ಖಾರ ಮೂಗಿಗೆ ಹೋಯಿತು, ಕಣ್ಣಿಗೆ ಹೋಯಿತು, ಉಸಿರು ಕಟ್ಟಿತು. ಎರಡನೆಯ ಸಲ ಬೆರಳು ಒಳಗೆ ಬಂದಾಗ ಕಚ್ಚಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎಲುಬು ಹಲ್ಲಿಗೆ ಸಿಗುವ ತನಕ ಕಚ್ಚಿದೆ. ಅವನು ಎಮ್ಮೆಯಂತೆ ಕೂಗಿದ. ಬಿಡಿಸಿಕೊಂಡವನೇ ನನ್ನ ತಲೆಯನ್ನು ಗೋಡೆಗೆ ಎರಡು ಸಲ ಅಪ್ಪಳಿಸಿ, ಚಿಲಕ ತೆಗೆದು, ಹೊರಗೆ ದಬ್ಬತೊಡಗಿದ. ನಾನು ಬಲಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಒಳಗೆ ನನ್ನ ಮಗಳಿದ್ದಳು.

"ಏನ್ರೀ! ಎದ್ದು ಒಂದ ಮಾತ ಹೇಳ್ರಿ!" ಎಂದು ಮಂಚದ ಕಡೆ ಕೂಗಿದೆ. ಶಿವಾನಂದನಿಗೆ ಎಚ್ಚರವಿತ್ತು, ಕಣ್ಣು ತೆರೆದಿತ್ತು. ಅವನು ಗೋಡೆಯ ಕಡೆಗೆ ಹೊರಳಿದ.

ಬಸವರಾಜ ನನ್ನ ಕೈಯ ಮೇಲೆ ಬಾಗಿಲು ಹಾಕಿದ. ಒಂದು ಸಲಕ್ಕೆ ಬಿಡಲಿಲ್ಲ ನಾನು. ಎರಡನೆಯ ಸಲ ಒಣ ಕಟ್ಟಿಗೆ ಮುರಿದ ಸದ್ದು ಕೇಳಿತು. ವಠಾರದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವನು ಪ್ರೇಮಾಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದು, ರಕ್ತ ಸುರಿಯುವ ಬೆರಳನ್ನು ನನ್ನ ಮುಖಕ್ಕೆ ತೋರಿಸುತ್ತ ಹೇಳಿದ:

"ನೀ ಮದ್ದ ಹಾಕಿಲ್ಲಂತ ನನ್ನ ತಮ್ಮ ತನ್ನ ಬಾಯಿಲೆ ಹೇಳಲಿ. ಅವತ್ತ ಕೂಸನ್ನ ಕೊಡ್ತೀನಿ. ಅಲ್ಲೀತನಕ ಮಲಕಪೇಟಿ ಕಡೆ ಬಂದ್ರ ಪೋಲೀಸರ ಕೈಗೆ ಕೊಡ್ತೀನಿ."

ಪಕ್ಕದ ಮನೆಯ ವಿಶಾಲಾಕ್ಷಿ ನನ್ನನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದಳು. ಹೇಗೆ ಮುರಿಯಿತು ಎಂದು ಡಾಕ್ಟರು ಕೇಳಿದರು. ಬಾಗಿಲು ಅಂದೆ. ಸುಳ್ಳೇನೂ ಅಲ್ಲ. ಪ್ಲಾಸ್ಟರ್ ಹಾಕಿಸಿಕೊಂಡು ಅವಳ ಮನೆಯಲ್ಲೇ ಮಲಗಿದೆ. ಮಾರನೆಯ ಬೆಳಿಗ್ಗೆ ಶಿವಾನಂದನನ್ನೂ ಅದೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಭೇದಿ ನಿಂತಿರಲಿಲ್ಲ, ಈಗ ರಕ್ತವೂ ಹೋಗುತ್ತಿತ್ತು, ಕಣ್ಣು ಗುಳಿಬಿದ್ದು ನಾಲಿಗೆ ಅಂಟಿಕೊಂಡಿತ್ತಂತೆ. ಮದ್ದಿನ ವಿಷ ಇನ್ನೂ ಇಳಿದಿಲ್ಲ ಎಂದು ಅತ್ತೆ ವಠಾರಕ್ಕೆಲ್ಲ ಕೇಳುವಂತೆ ಹೇಳಿ ಹೋದರು.

ಮಂಗಳವಾರ ತಿಪ್ಪೇಸ್ವಾಮಿ ಬಂದ. ಬಳ್ಳಾರಿ ಕಡೆಯವನು, ಶಿವಾನಂದನ ಪಕ್ಕದ ಮಷಿನ್ನಿನಲ್ಲಿ ಕೆಲಸ. ಕಾರ್ಖಾನೆಯಲ್ಲೇ ಉಳಿದಿದ್ದ ಊಟದ ಚೀಲ ಕೊಡಲು ಬಂದಿದ್ದ. ನನ್ನ ಮುಖ, ಕೈ ನೋಡಿ ಗಾಬರಿಯಾಗಿ, ಏನು ಮಾತಾಡಬೇಕೋ ತಿಳಿಯದೆ, ಸುಮ್ಮನೆ ಏನೋ ಒಂದು ಆಡಿದ.

"ಚೀಲದಾಗ ಅವನ ಗುಳಿಗಿನೂ ಅದಾವು ಅಕ್ಕಾರ. ದಿನಾ ಊಟ ಆದಮ್ಯಾಲೆ ತಪ್ಪದಂಗ ತಿಂತಿದ್ದ. ಆಸ್ಪತ್ರ್ಯಾಗ ಬೇಕಾಗ್ತಾವೇನೊ."

"ಯಾವ ಗುಳಿಗಿ?"

"ರಕ್ತ ಆಗೋ ಗುಳಿಗಿ ಅಂತ್ರಿ, ಕಬ್ಬಿಣದ್ದು. ಇದ ತಿಂದ್ರ ಕರ್ರಗ ಹೋಗ್ತೈತಿ, ಹೆದರಬ್ಯಾಡ ಅಂತ ಡಿಸ್ಪೆನ್ಸರಿ ಡಾಕ್ಟರ್ ಮೊದಲನೇ ದಿನಾನ ಹೇಳ್ಯಾರ ಅಂದಿದ್ದ. ಹೇಳಿ ನಕ್ಕಿದ್ವಿ ಇಬ್ಬರೂ."

ಚೀಲದಲ್ಲಿ ಕಾಗದದ ಪೊಟ್ಟಣ, ಒಳಗೆ ಕೆಂಪು ಗುಳಿಗೆಗಳು, ಜೊತೆಗೆ ಡಿಸ್ಪೆನ್ಸರಿಯ ಚೀಟಿ. ಮೆಟ್ರಿಕ್ ಓದಿದವಳು ನಾನು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ. ಮೂಲವ್ಯಾಧಿ, ರಕ್ತ ಹೋಗಿದೆ, ರಕ್ತ ಕಡಿಮೆ ಎಂದು ಬರೆದಿತ್ತು. ತಾರೀಖು, ನಾನು ಸೇಡಂನಿಂದ ಬಂದ ನಾಲ್ಕನೆಯ ದಿನದ್ದು.

ಆಗ ಎಲ್ಲ ಅರ್ಥವಾಯಿತು. ಎರಡು ವರ್ಷದ ಹಿಂದೆ ಅವರ ಫೋರ್‌ಮನ್ ಸಿದ್ದರಾಮಪ್ಪನವರಿಗೆ ಮೂಲವ್ಯಾಧಿಯ ಆಪರೇಷನ್ ಆದಾಗ ಅವರಿಗೆ 'ಸೈರನ್' ಎಂದು ಹೆಸರಿಟ್ಟವನು ನನ್ನ ಗಂಡನೇ. ಅವರು ಕುರ್ಚಿಯಲ್ಲಿ ಕೂರಲು ಹೋದಾಗಲೆಲ್ಲ ಇಡೀ ಶೆಡ್ಡು ಸೈರನ್ನಿನಂತೆ ಊಳಿಡುತ್ತಿತ್ತಂತೆ. ಆ ಮನುಷ್ಯ ಕೆಲಸ ಬಿಟ್ಟು ಹೋದರು. ಅದನ್ನು ಊಟಕ್ಕೆ ಕುಳಿತಾಗ ಹೇಳಿ ಹೇಳಿ ನಕ್ಕಿದ್ದ. ಈಗ ಅದೇ ರೋಗ ತನಗೆ ಬಂದಿತ್ತು. ಅದಕ್ಕೇ ತಿಪ್ಪೇಸ್ವಾಮಿಗೆ ರೋಗದ ಹೆಸರು ಹೇಳಿರಲಿಲ್ಲ, ಗುಳಿಗೆ ಮನೆಗೆ ಬಂದಿರಲಿಲ್ಲ. ಮೂಲವ್ಯಾಧಿಗಿಂತ ಮದ್ದು ಹಾಕಿಸಿಕೊಂಡವನಾಗುವುದು ಅವನಿಗೆ ಮರ್ಯಾದೆಯದಾಗಿ ಕಂಡಿತ್ತು.

ಕೈ ಮುರಿದಾಗ ನಾನು ಅತ್ತಿರಲಿಲ್ಲ. ಆ ಚೀಟಿ ಹಿಡಿದುಕೊಂಡು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಆಸ್ಪತ್ರೆಗೆ ಹೋದೆ.

ಗಂಡಸರ ಜನರಲ್ ವಾರ್ಡು, ಎರಡೂ ಕಡೆ ಮಂಚಗಳ ಸಾಲು, ನೋಡಲು ಬಂದವರ ಗದ್ದಲ, ಮಧ್ಯಾಹ್ನ ಮೂರು ಗಂಟೆ. ಶಿವಾನಂದನ ಕೈಗೆ ಗ್ಲುಕೋಸ್ ಹಚ್ಚಿದ್ದರು. ಅತ್ತೆ ತಲೆಯ ಹತ್ತಿರ ಸ್ಟೂಲಿನ ಮೇಲಿದ್ದರು. ಬಸವರಾಜ ಬೆರಳಿಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡು ಕಾಲ ಹತ್ತಿರ ನಿಂತಿದ್ದ. ನನ್ನನ್ನು ನೋಡಿದವನೇ "ಯಾರ ಬಿಟ್ರು ಇಕಿನ್ನ ಒಳಗ?" ಎಂದು ಗುಡುಗಿದ. ಅಷ್ಟರಲ್ಲಿ ಶಿವಾನಂದ ಮುಖ ಕಿವುಚಿ, ಹೊಟ್ಟೆ ಹಿಡಿದುಕೊಂಡು, "ಪ್ಯಾನ್... ಪ್ಯಾನ್ ಕೊಡ್ರಿ" ಎಂದು ಮುಲುಕಿದ.

ಆಯಾ ಎಲ್ಲೋ ಹೋಗಿದ್ದಳು. ಅತ್ತೆಗೆ ಬಗ್ಗಲು ಆಗುತ್ತಿರಲಿಲ್ಲ. ಬಸವರಾಜ ಮೂಗಿಗೆ ಕರವಸ್ತ್ರ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. ನಾನು ಬಗ್ಗಿ ಮಂಚದ ಕೆಳಗಿನ ಬೆಡ್‌ಪ್ಯಾನನ್ನು ಎಡಗೈಯಲ್ಲಿ ಎತ್ತಿಕೊಂಡೆ. ಎತ್ತಿಕೊಂಡು, ಕೊಡದೆ, ನಿಂತೆ.

"ನಲಿನಿ, ಕೊಡ... ಲಗೂನ ಕೊಡ."

ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳಲ್ಲಿ ಹಿಡಿದಿದ್ದ ಕೆಂಪು ಗುಳಿಗೆಯ ಪೊಟ್ಟಣವನ್ನು ಅವನ ಎದೆಯ ಮೇಲೆ ಬೀಳಿಸಿದೆ. ಅವನ ಮುಖದಲ್ಲಿ ಉಳಿದಿದ್ದ ಬಣ್ಣವೂ ಹೋಯಿತು.

"ಇದೇನಂತ ಹೇಳ್ರಿ. ಆಮ್ಯಾಲೆ ಕೊಡ್ತೀನಿ."

"ಅಯ್ಯೋ, ಸಾಯಾಕತ್ತಾನ ನನ್ನ ಮಗ! ಕೊಡ ಅದನ್ನ!" ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. ಬಸವರಾಜ ಕೈ ಎತ್ತಿಕೊಂಡು ಮುಂದೆ ಬಂದ. ನಾನು ಆ ಸ್ಟೀಲಿನ ಪ್ಯಾನನ್ನೇ ಅವನ ಮುಖದ ಮಟ್ಟಕ್ಕೆ ಎತ್ತಿದೆ. "ಇನ್ನೊಂದ ಹೆಜ್ಜಿ ಮುಂದ ಬರ್ರಿ ಭಾವಾರ. ಈ ಕೈ ಇನ್ನೂ ಐತಿ" ಅಂದೆ. ಅವನು ನಿಂತ. ವಾರ್ಡಿಗೆ ವಾರ್ಡೇ ನಮ್ಮ ಕಡೆ ತಿರುಗಿತ್ತು.

"ಹೇಳ್ರಿ."

ಶಿವಾನಂದ ತೊಡೆ ಬಿಗಿ ಹಿಡಿದು ನಡುಗುತ್ತಿದ್ದ. ಹಣೆಯಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು. ಆರು ವರ್ಷ ಜೊತೆಗೆ ಮಲಗಿದ ಮನುಷ್ಯ. ಕನಿಕರ ಬರಲಿಲ್ಲವೇ ಎಂದರೆ, ಬಂತು. ಬಂದದ್ದನ್ನು ನುಂಗಿಕೊಂಡು ನಿಂತೆ.

"ಗುಳಿಗಿ... ಡಿಸ್ಪೆನ್ಸರಿದು. ನನಗ ಮೂಲವ್ಯಾಧಿ ಆಗೇತಿ. ರಕ್ತ ಹೊಂಟಿತ್ತು."

"ಜೋರಾಗಿ ಹೇಳ್ರಿ. ನಿಮ್ಮ ಅಣ್ಣಾರಿಗೆ ಕೇಳಿಸ್ಲಿ. ಇದನ್ನ ತಿಂದ್ರ ಏನಾಗ್ತೈತಿ ಅಂತ ಡಾಕ್ಟರ್ ಹೇಳಿದ್ರು?"

"ಕರ್ರಗ ಆಗ್ತೈತಿ ಅಂತ... ಹೆದರಬ್ಯಾಡ ಅಂತ ಹೇಳಿದ್ರು. ಮೊದಲನೇ ದಿನಾನ ಹೇಳಿದ್ರು. ನಲಿನಿ ಏನೂ ಹಾಕಿಲ್ಲವ್ವ. ಏನೂ ಹಾಕಿಲ್ಲ."

ಅತ್ತೆಯ ಕೈ ನನ್ನ ಸೆರಗಿನಿಂದ ಜಾರಿತು. "ಮತ್ತ ಯಾಕ ಹೇಳಲಿಲ್ಲೋ ನೀ?" ಎಂದು ಕೇಳಿದ ದನಿ ಅವರದೇ ಅನ್ನಿಸಲಿಲ್ಲ.

"ನಾಚಿಕಿ ಬಂತವ್ವ."

ಅಷ್ಟೇ. ನನ್ನ ಕೈ ಮುರಿದದ್ದು, ಚಪ್ಪಲಿ ತಿಂದದ್ದು, ಮಗಳು ಹೋದದ್ದು ಆ ಒಂದು ನಾಚಿಕೆಗೆ. ಅವನು ಆ ಮಾತು ಮುಗಿಸುವ ಹೊತ್ತಿಗೆ ತಡವಾಗಿತ್ತು, ಹಾಸಿಗೆ ಒದ್ದೆಯಾಗಿತ್ತು, ವಾಸನೆ ಎದ್ದಿತ್ತು. ಅವನು ಮೊಣಕೈ ಮಡಚಿ ಕಣ್ಣು ಮುಚ್ಚಿಕೊಂಡು ಅಳತೊಡಗಿದ. ಆರು ವರ್ಷದಿಂದ ಇಂಥದ್ದನ್ನೆಲ್ಲ ಬಳಿದು ತೊಳೆದವಳು ನಾನೇ, ಅವತ್ತೂ ನಾನೇ ತೊಳೆಯುತ್ತೇನೆ ಎಂದು ಮೂವರೂ ಕಾದರು.

ನಾನು ಬೆಡ್‌ಪ್ಯಾನನ್ನು ಬಸವರಾಜನ ಎದೆಗೆ ಒತ್ತಿ ಹಿಡಿದೆ.

"ಹಿಡೀರಿ ಭಾವಾರ. ನಿಮ್ಮ ತಮ್ಮ, ನೀವ ತೊಳೀರಿ. ನನಗ ಕೈ ಇಲ್ಲ."

ಪಟ್ಟಿ ಕಟ್ಟಿದ ಬೆರಳಿನಿಂದಲೇ ಅವನು ಅದನ್ನು ಹಿಡಿದ. ನನ್ನ ಮುಖ ನೋಡಲಿಲ್ಲ, "ಕೂಸು ಮನ್ಯಾಗೈತಿ, ಕರಕೊಂಡ ಹೋಗ" ಎಂದಷ್ಟೇ ಅಂದ. ಕ್ಷಮೆ ಗಿಮೆ ಅಂಥದ್ದೇನೂ ಅವನ ಬಾಯಿಂದ ಬರಲಿಲ್ಲ, ನಾನೂ ಕಾಯಲಿಲ್ಲ.

ಮಲಕಪೇಟೆಯಿಂದ ಪ್ರೇಮಾಳನ್ನು ಸೀದಾ ವಿಶಾಲಾಕ್ಷಿಯ ಮನೆಗೆ ಕರೆತಂದೆ. ಸೇಡಂಗೆ ಬೆಳಗಿನ ರೈಲು. ವಿಶಾಲಾಕ್ಷಿ ಬಿಸಿ ಅನ್ನ, ತುಪ್ಪ ಕೊಟ್ಟಳು. ಬಲಗೈ ಪ್ಲಾಸ್ಟರಿನಲ್ಲಿತ್ತು, ಎಡಗೈಯಲ್ಲೇ ಕಲಸಿ ತುತ್ತು ಮಾಡಿದೆ. ಒಂದು ವಾರದಿಂದ ನನ್ನ ಕೈಯಿಂದ ಉಂಡಿರಲಿಲ್ಲ ನನ್ನ ಮಗಳು. ತುತ್ತನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

ಅವಳು ಬಾಯಿ ತೆರೆಯಲಿಲ್ಲ. ಹಸಿವಾಗಿತ್ತು, ಕಣ್ಣು ತುತ್ತಿನ ಮೇಲೇ ಇತ್ತು. ನನ್ನ ಮುಂಗೈಯನ್ನು ಮೆಲ್ಲಗೆ ಹಿಂದಕ್ಕೆ ದೂಡಿದಳು.

"ಮೊದಲ ನೀ ತಿನ್ನವ್ವ," ಅಂದಳು.

ನಾನು ತಿಂದೆ. ಅವಳು ನನ್ನ ಗಂಟಲನ್ನೇ ನೋಡುತ್ತ ಕುಳಿತಿದ್ದಳು.